ಸೊನ್ನೆಯಿಂದ ನೂರಕ್ಕೆ ಮೂರೇ ಸೆಕೆಂಡು, ಆಮೇಲೆ?

ವೇಗದ ಎಲೆಕ್ಟ್ರಿಕ್ ಕಾರುಗಳ ಜಾಹೀರಾತಿನಲ್ಲಿ ಮೊದಲು ಕಾಣುವುದು ಸೊನ್ನೆಯಿಂದ ನೂರು ಮುಟ್ಟುವ ಸಮಯ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ಟೈರು ರಸ್ತೆಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದಕ್ಕೆ ಘರ್ಷಣಾಂಕ ಅಂತ ಒಂದು ಅಂಕಿ ಇದೆ. ಒಳ್ಳೆಯ ಟೈರು, ಒಣಗಿದ ಒಳ್ಳೆಯ ಡಾಂಬರು ಸಿಕ್ಕರೆ ಅದು ಹೆಚ್ಚುಕಡಿಮೆ 1. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರು ಈ ಹಿಡಿತವನ್ನು ಪೂರ್ತಿ ಬಳಸಿಕೊಂಡಿತು ಅನ್ನಿ. ಆಗ ಸೊನ್ನೆಯಿಂದ ನೂರು ಮುಟ್ಟಲು ಬೇಕಾದದ್ದು 27.8 ಅನ್ನು ಭೂಮಿಯ ಗುರುತ್ವದ ಅಂಕಿಯಾದ 9.81ರಿಂದ ಭಾಗಿಸಿದಷ್ಟು, ಅಂದರೆ 2.83 ಸೆಕೆಂಡು. ಈ ಲೆಕ್ಕದಲ್ಲಿ ಕಾರಿನ ತೂಕ ಬರುವುದಿಲ್ಲ, ಎಚ್‌ಪಿಯೂ ಬರುವುದಿಲ್ಲ. ಐನೂರು ಎಚ್‌ಪಿ ಇರಲಿ, ಎರಡು ಸಾವಿರ ಇರಲಿ, ಚಕ್ರ ಜಾರಲು ಶುರುವಾದ ಮೇಲೆ ಹೆಚ್ಚುವರಿಯೆಲ್ಲ ಹೊಗೆ ಮತ್ತು ರಬ್ಬರಿನ ವಾಸನೆ.

ಹಾಗಿದ್ದರೆ ಎರಡು ಸೆಕೆಂಡಿನ ಕಾರು ಅನ್ನುವ ಜಾಹೀರಾತು ಎಲ್ಲಿಂದ ಬಂತು? 2021ರ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್‌ನ 1.99 ಸೆಕೆಂಡನ್ನು ಬಿಡಿಸಿ ನೋಡಿ. ಅದು 60 ಮೈಲಿಯ ವೇಗಕ್ಕೆ, ಅಂದರೆ 96.6 ಕಿ.ಮೀ.ಗೆ ಹೇಳಿದ್ದು. ಕಾರು ಹೊರಟ ಮೊದಲ ಒಂದು ಅಡಿಯ ಸಮಯವನ್ನು ಅಲ್ಲಿ ಲೆಕ್ಕಕ್ಕೇ ಹಿಡಿದಿಲ್ಲ. ಅಮೆರಿಕದ ಡ್ರ್ಯಾಗ್ ರೇಸಿನ ಹಳೆಯ ಪದ್ಧತಿ ಅದು, ಅಲ್ಲೇ ಸುಮಾರು 0.2 ಸೆಕೆಂಡು ಮಿಗುತ್ತದೆ. ಜೊತೆಗೆ ಅಂಟು ಬಳಿದ ರೇಸ್ ಪಟ್ಟಿಯೂ ಬೇಕು. ಇನ್ನೂ ಬೇಗ ಹೋಗಬೇಕಾದರೆ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಬೇರೆ ಉಪಾಯ ಹುಡುಕಬೇಕು. ಬ್ರಿಟನ್ನಿನ ಮೆಕ್‌ಮರ್ಟ್ರಿ ಸ್ಪಿಯರ್ಲಿಂಗ್ ಅದನ್ನೇ ಮಾಡಿತು. ಸುಮಾರು ಒಂದು ಟನ್ನಿನ ಆ ಪುಟ್ಟ ಕಾರಿನ ಫ್ಯಾನುಗಳು ಅಡಿಯ ಗಾಳಿಯನ್ನು ಹೀರಿ, ನಿಂತಲ್ಲೇ ಎರಡು ಟನ್ ಒತ್ತಡ ಹುಟ್ಟಿಸುತ್ತವೆ. 2022ರಲ್ಲಿ ಗುಡ್‌ವುಡ್ ಗುಡ್ಡದ ಓಟವನ್ನು ಅದು 39.08 ಸೆಕೆಂಡಿನಲ್ಲಿ ಮುಗಿಸಿತು.

ಈಗ ಇದೇ ಲೆಕ್ಕವನ್ನು ನಮ್ಮ ಊರಿಗೆ ತನ್ನಿ. ಜಲ್ಲಿ ಪುಡಿ, ಮಣ್ಣು ಬಿದ್ದ ರಸ್ತೆಯಲ್ಲಿ ಘರ್ಷಣಾಂಕ 0.7 ಸಿಕ್ಕರೆ ದೊಡ್ಡದು. ಆಗ ಎಂಥ ಕಾರಾದರೂ ನಾಲ್ಕು ಸೆಕೆಂಡಿಗಿಂತ ಬೇಗ ನೂರು ಮುಟ್ಟಲಾರದು. ಮಳೆಯಲ್ಲಿ 0.5ಕ್ಕೆ ಇಳಿದರೆ 5.7 ಸೆಕೆಂಡು. ಒಂದೂವರೆ ಕೋಟಿಯ ಕಾರು, ಐವತ್ತು ಲಕ್ಷದ ಕಾರು ಎರಡಕ್ಕೂ ಔಟರ್ ರಿಂಗ್ ರೋಡಿನ ಜುಲೈ ತಿಂಗಳು ಒಂದೇ. ಎಲೆಕ್ಟ್ರಿಕ್ ಕಾರಿಗೆ ಮೊದಲ ಮೂರು ಸೆಕೆಂಡು ಸಲೀಸು. ಅದರ ಯೋಗ್ಯತೆ ಗೊತ್ತಾಗುವುದು ಹತ್ತನೇ ನಿಮಿಷದಲ್ಲಿ.

ಸಲೀಸು ಯಾಕೆ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಈ ತಂತ್ರಜ್ಞಾನಕ್ಕೆ ಅನ್ಯಾಯ. ಪೆಟ್ರೋಲ್ ಎಂಜಿನ್ನಿಗೆ ಬಲ ಬರಬೇಕಾದರೆ ಆರ್‌ಪಿಎಂ ಏರಬೇಕು, ಟರ್ಬೊ ತಿರುಗಬೇಕು, ಗೇರ್‌ಬಾಕ್ಸ್ ಮನಸ್ಸು ಮಾಡಬೇಕು. ಮೋಟರಿನಲ್ಲಿ ಕರೆಂಟ್ ಹರಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಬಂತು. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹದ ಮಾಡಿ ಕೊಡುವ ಇನ್ವರ್ಟರ್ ಅದನ್ನು ಸೆಕೆಂಡಿಗೆ ಸಾವಿರಾರು ಸಲ ತಿದ್ದುವುದರಿಂದ, ಚಕ್ರ ಜಾರುವ ಮೊದಲ ಸೂಚನೆ ಸಿಕ್ಕಾಗಲೇ ಬಲ ಇಳಿದಿರುತ್ತದೆ. ಗಾಳಿ ತೆಳುವಾದರೂ ಮೋಟರಿಗೆ ಏನೂ ಅನ್ನಿಸುವುದಿಲ್ಲ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಓಟ 4,302 ಮೀಟರ್ ಎತ್ತರದಲ್ಲಿ ಮುಗಿಯುತ್ತದೆ. ಅಲ್ಲಿಗೆ ಹೋಗುವಷ್ಟರಲ್ಲಿ ಪೆಟ್ರೋಲ್ ಎಂಜಿನ್ ಏದುಸಿರು ಬಿಡುತ್ತಿರುತ್ತದೆ. 2018ರಲ್ಲಿ ಫೋಕ್ಸ್‌ವ್ಯಾಗನ್ನಿನ ಎಲೆಕ್ಟ್ರಿಕ್ ರೇಸ್ ಕಾರು ಐಡಿ.ಆರ್ ಅನ್ನು ಚಾಲಕ ರೊಮಾಂ ಡ್ಯುಮಾ 7 ನಿಮಿಷ 57.148 ಸೆಕೆಂಡಿನಲ್ಲಿ ಮೇಲಕ್ಕೆ ಒಯ್ದರು. ಎಂಟು ನಿಮಿಷದೊಳಗೆ ಆ ಬೆಟ್ಟ ಹತ್ತಿದ ಮೊದಲ ಕಾರು ಅದು.

ಬೆಂಗಳೂರಿಗೂ ಈ ಕತೆಗೂ ನಂಟಿದೆ. 2001ರಲ್ಲಿ ಇಲ್ಲಿಂದ ಹೊರಟ ರೇವಾ ಎಲೆಕ್ಟ್ರಿಕ್ ಕಾರಿನಲ್ಲಿ ಇದ್ದದ್ದು 48 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ, ತುಂಬಿಸಿದರೆ ಸುಮಾರು 80 ಕಿ.ಮೀ. ಓಟ. 2010ರಲ್ಲಿ ಆ ಕಂಪನಿ ಮಹೀಂದ್ರಾ ತೆಕ್ಕೆಗೆ ಹೋಯಿತು. ಅದೇ ಮಹೀಂದ್ರಾ ಒಡೆತನದ ಆಟೊಮೊಬಿಲಿ ಪಿನಿನ್‌ಫರೀನಾ ಇಟಲಿಯಲ್ಲಿ ಮಾಡಿದ ಬತ್ತಿಸ್ತಾ ಕಾರಿಗೆ ನಾಲ್ಕು ಮೋಟರು, ಸುಮಾರು 1,900 ಎಚ್‌ಪಿ. 2023ರಲ್ಲಿ ಇಂದೋರ್ ಹತ್ತಿರದ ನ್ಯಾಟ್ರಾಕ್ಸ್ ಟ್ರ್ಯಾಕಿನಲ್ಲಿ ಅದು ಕಾಲು ಮೈಲಿಯನ್ನು 8.55 ಸೆಕೆಂಡಿನಲ್ಲಿ ಓಡಿತು. ರೇವಾ ನೋಡಿ ನಕ್ಕವರೆಲ್ಲ ಇದನ್ನೊಮ್ಮೆ ನೋಡಬೇಕು.

ಇನ್ನು ಕಷ್ಟದ ಭಾಗ. ಅದರ ಹೆಸರು ಬಿಸಿ.

ನಮ್ಮಲ್ಲಿ 2024ರಿಂದ ಸಿಗುತ್ತಿರುವ ಬಿವೈಡಿ ಸೀಲ್ ಪರ್ಫಾರ್ಮೆನ್ಸ್ ಅನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ: 82.56 ಯೂನಿಟ್ ಬ್ಯಾಟರಿ, 530 ಎಚ್‌ಪಿ, ನೂರಕ್ಕೆ 3.8 ಸೆಕೆಂಡು. (ಬೆಸ್ಕಾಂ ಬಿಲ್ಲಿನ ಯೂನಿಟ್ಟೇ ಇದು, ಬೇರೆಯಲ್ಲ.) 530 ಎಚ್‌ಪಿ ಅಂದರೆ 390 ಕಿಲೋವ್ಯಾಟ್. ಸೆಲ್ಲುಗಳನ್ನೆಲ್ಲ ಜೋಡಿಸಿದ ಬ್ಯಾಟರಿ ಪ್ಯಾಕಿನ ವೋಲ್ಟೇಜ್ 550ರ ಆಸುಪಾಸು, ಹಾಗಾಗಿ ಪೂರ್ತಿ ಒತ್ತಿದಾಗ ಹರಿಯುವುದು 700 ಆಂಪಿಯರ್. ಪ್ಯಾಕಿನ ಒಳತಡೆ 50 ಮಿಲಿಓಮ್ ಎಂದಿಟ್ಟುಕೊಂಡರೆ, ಕರೆಂಟಿನ ವರ್ಗವನ್ನು ತಡೆಯಿಂದ ಗುಣಿಸಿದಾಗ ಬರುವುದು 25 ಕಿಲೋವ್ಯಾಟ್ ಬಿಸಿ. ಬಚ್ಚಲುಮನೆಯ ಹನ್ನೆರಡು ಗೀಜರನ್ನು ಬ್ಯಾಟರಿಯೊಳಗೇ ಹಚ್ಚಿಟ್ಟ ಹಾಗೆ.

ನಾಲ್ಕು ಸೆಕೆಂಡಿಗೆ ಇದು ಏನೂ ಅಲ್ಲ. 25 ಕಿಲೋವ್ಯಾಟ್ ನಾಲ್ಕು ಸೆಕೆಂಡು ಅಂದರೆ 100 ಕಿಲೋಜೂಲ್. ಪ್ಯಾಕ್ 550 ಕೆ.ಜಿ. ತೂಗಿದರೆ ಏರುವ ಉಷ್ಣತೆ 0.2 ಡಿಗ್ರಿ. ಸಿಗ್ನಲ್ಲಿನಲ್ಲಿ ಒಂದು ಸಲ ಒತ್ತಿದರೆ ಬ್ಯಾಟರಿ ಹಾಳಾಗುತ್ತದೆ ಅನ್ನುವ ಹೆದರಿಕೆಗೆ ಆಧಾರವಿಲ್ಲ. ಆದರೆ ಇದೇ ಕಾರನ್ನು ರೇಸ್ ಟ್ರ್ಯಾಕಿಗೆ ಬಿಡಿ. ಮೂರನೇ ಒಂದು ಪಾಲು ಸಮಯ ಪೂರ್ತಿ ಒತ್ತಿ, ನಡುನಡುವೆ ಬ್ರೇಕ್ ಹಾಕಿದಾಗ ವಾಪಸು ಬರುವ ಕರೆಂಟಿನ ಬಿಸಿಯನ್ನೂ ಸೇರಿಸಿದರೆ ಸರಾಸರಿ 10 ಕಿಲೋವ್ಯಾಟ್. ಇಪ್ಪತ್ತು ನಿಮಿಷಕ್ಕೆ ಅದು 12 ಮೆಗಾಜೂಲ್, ತಂಪು ಮಾಡದಿದ್ದರೆ 22 ಡಿಗ್ರಿ ಏರಿಕೆ. ಬೇಸಿಗೆಯಲ್ಲಿ 35ರಲ್ಲಿ ಹೊರಟ ಪ್ಯಾಕ್ 57ಕ್ಕೆ ಬಂದು ನಿಲ್ಲುತ್ತದೆ. ಲಿಥಿಯಂ ಸೆಲ್ಲಿಗೆ ಹಿತವಾದದ್ದು 20ರಿಂದ 40. ಐವತ್ತು ದಾಟಿದ ಮೇಲೆ ಬ್ಯಾಟರಿಯ ಕಂಪ್ಯೂಟರ್ ಮೆಲ್ಲಗೆ ಪವರ್ ಕತ್ತರಿಸತೊಡಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆಮೆಯ ಚಿತ್ರ ಬಂದರೆ ಪುಣ್ಯ. ಎಷ್ಟೋ ಕಾರುಗಳಲ್ಲಿ ಏನೂ ಬರುವುದಿಲ್ಲ, ಪಿಕಪ್ ಸತ್ತಿರುತ್ತದೆ ಅಷ್ಟೆ.

ಅಂದಮೇಲೆ ತಂಪು ಮಾಡಲೇಬೇಕು. ಯೂರೋಪಿನ 15 ಡಿಗ್ರಿಯ ಗಾಳಿಗೂ ಕಲಬುರಗಿಯ 42 ಡಿಗ್ರಿಯ ಗಾಳಿಗೂ ಇರುವ ವ್ಯತ್ಯಾಸ ಇಲ್ಲಿ ಕಾಡುತ್ತದೆ. ಹೊರಗಿನ ಗಾಳಿಯೇ 42 ಇದ್ದಾಗ 45ರ ಬ್ಯಾಟರಿಯನ್ನು ಬರೀ ರೇಡಿಯೇಟರ್ ತಣಿಸಲಾರದು, ಎಸಿ ಕಂಪ್ರೆಸರ್ ಬೇಕು. ಅದೇ ಕಂಪ್ರೆಸರ್ ಒಳಗೆ ಕೂತವರಿಗೂ ತಂಪು ಕೊಡಬೇಕು. ಬಿಸಿಲಲ್ಲಿ ಜೋರಾಗಿ ಓಡಿಸಿ ನೇರ ಫಾಸ್ಟ್ ಚಾರ್ಜರಿಗೆ ತಂದಿಟ್ಟಾಗ ಎಸಿ ಗಾಳಿ ಬೆಚ್ಚಗಾಯಿತು ಅನ್ನುವ ದೂರಿಗೆ ಅನೇಕ ಸಲ ಇದೇ ಕಾರಣ, ಗ್ಯಾಸ್ ಸೋರಿಕೆ ಅಲ್ಲ.

ಬ್ಯಾಟರಿಯನ್ನು 400ರ ಬದಲು 800 ವೋಲ್ಟಿಗೆ ಏರಿಸುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಓಡಾಡುತ್ತಿದೆ. ವೋಲ್ಟೇಜ್ ಇಮ್ಮಡಿಯಾದರೆ ಕರೆಂಟ್ ಅರ್ಧ, ಹಾಗಾಗಿ ಬ್ಯಾಟರಿ ಬಿಸಿಯಾಗುವುದು ಕಾಲು ಭಾಗ, ಅಂತ. ಕೇಬಲ್ಲಿನ ಮಟ್ಟಿಗೆ ನಿಜ, ಸೆಲ್ಲಿನ ಮಟ್ಟಿಗೆ ಸುಳ್ಳು. ಅವೇ ಸೆಲ್ಲುಗಳನ್ನು 400ರ ಬದಲು 800 ವೋಲ್ಟಿಗೆ ಜೋಡಿಸಿದರೆ ಸರಣಿ ಎರಡರಷ್ಟು ಉದ್ದವಾಗುತ್ತದೆ, ಪಕ್ಕಪಕ್ಕದ ಸಾಲು ಅರ್ಧವಾಗುತ್ತದೆ. ಪ್ಯಾಕಿನ ತಡೆ ನಾಲ್ಕು ಪಟ್ಟು. ಕರೆಂಟಿನ ವರ್ಗ ಕಾಲು, ತಡೆ ನಾಲ್ಕು, ಬಿಸಿ ಇದ್ದಷ್ಟೇ. ಪ್ರತಿಯೊಂದು ಸೆಲ್ಲೂ ಮಾಡುವ ಕೆಲಸ ಮೊದಲಿನಷ್ಟೇ ತಾನೇ! ಲಾಭ ಇರುವುದು ತಾಮ್ರದ ತೂಕದಲ್ಲಿ, ಕನೆಕ್ಟರಿನಲ್ಲಿ, ಚಾರ್ಜಿಂಗ್ ಗನ್ನಿನಲ್ಲಿ. 2019ರಲ್ಲಿ ಪೋರ್ಶೆ ಟೈಕಾನ್ 800 ವೋಲ್ಟಿಗೆ ಹೋಗಿದ್ದರಿಂದಲೇ 270 ಕಿಲೋವ್ಯಾಟ್ ಚಾರ್ಜಿಂಗ್ ಕೈಯಲ್ಲಿ ಎತ್ತಬಹುದಾದ ಕೇಬಲ್ಲಿನಲ್ಲಿ ಸಾಧ್ಯವಾಯಿತು.

ಮೋಟರಿಗೂ ಇದೇ ಪಾಡು. ತಾಮ್ರದ ತಡೆ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. ಸುರುಳಿ ನೂರು ಡಿಗ್ರಿ ಕಾದರೆ ಅದೇ ಕರೆಂಟಿಗೆ ಸುಮಾರು 39 ಶೇಕಡಾ ಹೆಚ್ಚು ಬಿಸಿ, ಆ ಬಿಸಿಯಿಂದ ಇನ್ನಷ್ಟು ತಡೆ. ಮೋಟರಿನ ತಿರುಗುವ ಭಾಗವಾದ ರೋಟರಿನೊಳಗಿನ ನಿಯೋಡೈಮಿಯಂ ಅಯಸ್ಕಾಂತ ಅತಿಯಾಗಿ ಕಾದಾಗ ಬಲವಾದ ಎದುರು ಕಾಂತಕ್ಷೇತ್ರ ಬಿದ್ದರೆ ಶಾಶ್ವತವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನು ತಡೆಯಲು ಬೆರೆಸುವ ಡಿಸ್ಪ್ರೋಸಿಯಂ ಎಂಬ ಲೋಹ ದುಬಾರಿ, ಬರುವುದೂ ಬಹುಮಟ್ಟಿಗೆ ಚೀನಾದಿಂದ. 2025ರ ಏಪ್ರಿಲಿನಲ್ಲಿ ಆ ದೇಶ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ಕಂಪನಿಗಳೂ ಪರದಾಡಿದವು. ಇದೆಲ್ಲದರಿಂದಾಗಿ ಮೋಟರಿಗೆ ಎರಡು ಪವರ್ ಇರುತ್ತವೆ: ಕೆಲವೇ ಸೆಕೆಂಡಿನ ಗರಿಷ್ಠ, ಮತ್ತು ಸತತವಾಗಿ ಕೊಡಬಲ್ಲದ್ದು. ಭಾರತದ ಎಐಎಸ್-041 ಪರೀಕ್ಷೆಯಲ್ಲಿ ‘30 ನಿಮಿಷದ ಪವರ್’ ಅಂತಲೇ ಎರಡನೆಯದನ್ನು ಅಳೆಯುತ್ತಾರೆ. ಜಾಹೀರಾತಿನಲ್ಲಿ ಹೊಳೆಯುವುದು ಮೊದಲನೆಯದು. ಎರಡನೆಯದು ಎಷ್ಟೋ ಸಲ ಅದರ ಅರ್ಧವೂ ಇರುವುದಿಲ್ಲ.

ಬಿಸಿಯನ್ನು ಗೆದ್ದವರೂ ಇದ್ದಾರೆ. 2019ರಲ್ಲಿ ಜರ್ಮನಿಯ ಲಾರ್ ವಿಮಾನ ನಿಲ್ದಾಣದಲ್ಲಿ ಟೈಕಾನ್ ಅನ್ನು ಸೊನ್ನೆಯಿಂದ 200 ಕಿ.ಮೀ.ಗೆ ಬೆನ್ನುಬೆನ್ನಿಗೆ 26 ಸಲ ಓಡಿಸಿದರು. ಅತಿ ವೇಗದ ಓಟಕ್ಕೂ ಅತಿ ನಿಧಾನದ ಓಟಕ್ಕೂ ಇದ್ದ ಅಂತರ 0.8 ಸೆಕೆಂಡು. ನನ್ನ ಕಣ್ಣಿಗೆ 1.99ಕ್ಕಿಂತ ದೊಡ್ಡ ಅಂಕಿ ಈ 0.8. ಅದಕ್ಕೂ ಮೀರಿದ್ದು 2025ರ ಆಗಸ್ಟಿನಲ್ಲಿ ಇಟಲಿಯ ನಾರ್ದೊ ಟ್ರ್ಯಾಕಿನಲ್ಲಿ ನಡೆಯಿತು. ಮರ್ಸಿಡಿಸ್-ಎಎಂಜಿ ಜಿಟಿ ಎಕ್ಸ್‌ಎಕ್ಸ್ ಎಂಬ ಮಾದರಿ ಕಾರು ಚಾರ್ಜಿಂಗಿಗೆ ಮಾತ್ರ ನಿಂತು, ಉಳಿದಂತೆ ಗಂಟೆಗೆ 300 ಕಿ.ಮೀ. ವೇಗದಲ್ಲಿ 40,075 ಕಿ.ಮೀ. ಓಡಿ ಮುಗಿಸಿತು. ಭೂಮಿಯ ಸುತ್ತಳತೆಯಷ್ಟು ದೂರ, ಏಳೂವರೆ ದಿನದಲ್ಲಿ. ಗುಟ್ಟು ಸೆಲ್ಲಿನ ಮೈಗೇ ತಾಗುವಂತೆ ಹರಿಯುವ, ವಿದ್ಯುತ್ ಹರಿಯಗೊಡದ ಎಣ್ಣೆಯಲ್ಲಿ. ಸಾಮಾನ್ಯ ಕಾರಿನಲ್ಲಿ ಕೂಲಂಟ್ ಹರಿಯುವುದು ಪ್ಯಾಕಿನ ಅಡಿಯ ಅಥವಾ ಮೇಲಿನ ತಟ್ಟೆಯಲ್ಲಿ; ಸೆಲ್ಲಿನ ನಡುಭಾಗದ ಬಿಸಿ ಅಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹ್ಯುಂಡೈ ಐಯಾನಿಕ್ 5 ಎನ್ ಇನ್ನೊಂದು ಜಾಣತನ ತೋರಿಸಿತು. ಡ್ರ್ಯಾಗ್ ಓಟಕ್ಕೆ ಬ್ಯಾಟರಿಯನ್ನು 30-40 ಡಿಗ್ರಿಗೆ ಮೊದಲೇ ಬೆಚ್ಚಗೆ ಮಾಡುತ್ತದೆ, ಯಾಕೆಂದರೆ ಬೆಚ್ಚಗಿನ ಸೆಲ್ಲಿನ ತಡೆ ಕಡಿಮೆ. ಟ್ರ್ಯಾಕಿಗಾದರೆ 20-30ಕ್ಕೆ ಇಳಿಸುತ್ತದೆ, ಏರಲು ಜಾಗ ಇರಲಿ ಅಂತ. ಒಂದೇ ಬ್ಯಾಟರಿ, ಎರಡು ತಯಾರಿ.

ಅಡಿಗೆರೆ ಎಳೆಯಬೇಕಾದ ಇನ್ನೊಂದು ಸಂಗತಿ ಚಾರ್ಜ್ ಮಟ್ಟ. ತುಂಬಿದ ಪ್ಯಾಕಿಗೂ 20 ಶೇಕಡಾ ಉಳಿದ ಪ್ಯಾಕಿಗೂ ವೋಲ್ಟೇಜ್ ಬೇರೆ, ತಡೆಯೂ ಬೇರೆ. 700 ಆಂಪಿಯರ್ ಎಳೆದಾಗ ನಮ್ಮ 50 ಮಿಲಿಓಮಿನ ಲೆಕ್ಕದಲ್ಲೇ 35 ವೋಲ್ಟ್ ಕುಸಿಯುತ್ತದೆ. ಚಾರ್ಜ್ ಇಳಿದಂತೆ ಕುಸಿತ ಹೆಚ್ಚು. ಹಾಗಾಗಿ 3.8 ಸೆಕೆಂಡಿನ ಕಾರು ಸಂಜೆ ಹೊತ್ತಿಗೆ 3.8 ಸೆಕೆಂಡಿನ ಕಾರಾಗಿ ಉಳಿದಿರುವುದಿಲ್ಲ. ಪೆಟ್ರೋಲ್ ಕಾರಿಗೆ ಈ ರೋಗವಿಲ್ಲ. ಟ್ಯಾಂಕ್ ಬರಿದಾದಷ್ಟೂ ಅದು ಹಗುರ.

ತೂಕದ ವಿಚಾರಕ್ಕೆ ಬಂದರೆ, ಈ ವರ್ಗದ ಕಾರುಗಳೆಲ್ಲ 2.2 ಟನ್ ಆಸುಪಾಸು. 200 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ 3.4 ಮೆಗಾಜೂಲ್. ರೀಜೆನ್ (ನಿಧಾನಿಸುವಾಗ ಮೋಟರೇ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ವಾಪಸು ಕೊಡುವ ಏರ್ಪಾಡು) ಇಲ್ಲದೆ ಒಂದೇ ಸಲ ನಿಲ್ಲಿಸಿದರೆ, ಮುಂದಿನ ಎರಡು ಡಿಸ್ಕ್ ಸೇರಿ 25 ಕೆ.ಜಿ. ಕಬ್ಬಿಣ ಅಂದುಕೊಂಡರೂ 200 ಡಿಗ್ರಿ ಜಿಗಿಯುತ್ತದೆ. ಒಳ್ಳೆಯ ಕಾರುಗಳು ಈ ಭಾರದ ದೊಡ್ಡ ಪಾಲನ್ನು ಮೋಟರಿಗೆ ಹೊರಿಸುತ್ತವೆ. ಐಯಾನಿಕ್ 5 ಎನ್‌ನ ರೀಜೆನ್ ಒಂದೇ 0.6 ಜಿವರೆಗೆ, ಅಂದರೆ ಗುರುತ್ವದ 0.6 ಪಾಲಿನಷ್ಟು ಗಟ್ಟಿಯಾಗಿ, ನಿಧಾನಿಸುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ, ತೀರಾ ಬಿಸಿ ಅಥವಾ ತೀರಾ ತಣ್ಣಗಿದ್ದರೆ ಆ ಕರೆಂಟನ್ನು ಹಾಕಲು ಜಾಗವಿರುವುದಿಲ್ಲ, ರೀಜೆನ್ ಕೈಕೊಡುತ್ತದೆ.

ಘಟ್ಟದ ಮೇಲಿನವರಿಗೆ ಇದು ದಿನನಿತ್ಯದ ಮಾತು. ಚಿಕ್ಕಮಗಳೂರು ಇರುವುದು ಸುಮಾರು ಸಾವಿರ ಮೀಟರ್ ಎತ್ತರದಲ್ಲಿ. ಜನ, ಲಗೇಜು ಸೇರಿ 2,400 ಕೆ.ಜಿ.ಯ ಕಾರು ಅಲ್ಲಿಂದ ಚಾರ್ಮಾಡಿ ಇಳಿದು ಕರಾವಳಿಗೆ ಬರುವಾಗ ಬಿಟ್ಟುಕೊಡುವ ಶಕ್ತಿ 6.5 ಯೂನಿಟ್, ಅದರಲ್ಲಿ ವಾಪಸು ಸಿಗುವುದು 4 ಯೂನಿಟ್ ಆಸುಪಾಸು. ಹೋಂಸ್ಟೇಯಲ್ಲಿ ರಾತ್ರಿಯೆಲ್ಲ 100 ಶೇಕಡಾ ತುಂಬಿಸಿ ಬೆಳಿಗ್ಗೆ ಇಳಿಯತೊಡಗಿದರೆ ಮೊದಲ ತಿರುವುಗಳಲ್ಲಿ ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ. 90ಕ್ಕೆ ನಿಲ್ಲಿಸಿದರೆ ಸಾಕು. ಕರಾವಳಿಯಲ್ಲಿ ತದ್ವಿರುದ್ಧ ತೊಂದರೆ: ಬ್ರೇಕ್ ಬಳಕೆಯೇ ಆಗದೆ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರಿನ ಪಿನ್ನುಗಳು ಕಚ್ಚಿಕೊಳ್ಳುತ್ತವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಿಂದೆ ಯಾರೂ ಇಲ್ಲದಾಗ ನ್ಯೂಟ್ರಲ್ಲಿಗೆ ಹಾಕಿ ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಬೇಕು. ನ್ಯೂಟ್ರಲ್ಲಿನಲ್ಲಿ ರೀಜೆನ್ ಇರುವುದಿಲ್ಲ, ಪ್ಯಾಡು ಡಿಸ್ಕನ್ನು ಉಜ್ಜಿ ಸ್ವಚ್ಛ ಮಾಡುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಪ್ಯಾಡು ಹೊಸದರಂತಿದ್ದರೂ. ಅದು ಗಾಳಿಯ ತೇವ ಹೀರುತ್ತಲೇ ಇರುತ್ತದೆ.

ತೂಕದ ಇನ್ನೊಂದು ಬಿಲ್ಲು ಟೈರಿನದು. ಅದೇ ಅಳತೆಯ ಟೈರು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಿಸುವವರು ಪಕ್ಕದಲ್ಲಿ ಬರೆದ ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರದ ಅಂಕಿ) ನೋಡುವುದೇ ಇಲ್ಲ. ಕಂಪನಿ ಹೇಳಿದ್ದಕ್ಕಿಂತ ಅದು ಕಡಿಮೆಯಿದ್ದರೆ ಬಿಸಿಲಿನಲ್ಲಿ, ತುಂಬಿದ ಕಾರಿನಲ್ಲಿ, ಹೆದ್ದಾರಿ ವೇಗದಲ್ಲಿ ಟೈರಿನ ಗೋಡೆ ಕಾಯುತ್ತದೆ. ಒಳಗೆ ಸದ್ದಡಗಿಸುವ ಸ್ಪಂಜು ಅಂಟಿಸಿದ ಟೈರಾದರೆ ಪಂಕ್ಚರ್ ಹಾಕುವಾಗ ಆ ಜಾಗದ ಸ್ಪಂಜು ಕತ್ತರಿಸಿ ತೆಗೆದು ಒಳಗಿನಿಂದ ಪ್ಯಾಚ್ ಹಚ್ಚಬೇಕು. ಬಹುತೇಕ ಸ್ಟೆಪ್ನಿಯೂ ಇರುವುದಿಲ್ಲ. ಅದಕ್ಕಿಂತ ಮುಖ್ಯ, ಪಂಕ್ಚರ್ ಅಂಗಡಿಯ ಹುಡುಗ ಅಭ್ಯಾಸಬಲದಿಂದ ಜ್ಯಾಕನ್ನು ನಟ್ಟನಡುವೆ ತಳ್ಳುತ್ತಾನೆ. ಅಲ್ಲಿರುವುದು ಚಾಸಿ ಅಲ್ಲ, ಬ್ಯಾಟರಿ. ಜ್ಯಾಕ್ ಇಡುವ ನಾಲ್ಕು ಗುರುತುಗಳನ್ನು ಮಾಲೀಕರೇ ತೋರಿಸಬೇಕು, ನಡುವೆ ಇಡಲು ಒಂದು ರಬ್ಬರ್ ದಿಂಡನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರಬೇಕು.

ಬ್ಯಾಟರಿ ನೆಲದಡಿ ಇರುವುದರಿಂದ ಭಾರ ಕೆಳಗೆ ಕೂರುತ್ತದೆ, ತಿರುವಿನಲ್ಲಿ ಕಾರು ಓಲಾಡುವುದಿಲ್ಲ. ಈ ಕಾರುಗಳ ನಿಜವಾದ ಸುಖ ಅದು. ಅದೇ ಕಾರಣಕ್ಕೆ ಪತ್ರಿಕೆಗಳು ‘ಅವೈಜ್ಞಾನಿಕ ರಸ್ತೆ ಉಬ್ಬು’ ಅಂತ ಬರೆಯುವ ನಮ್ಮ ಹಂಪುಗಳು ಇವಕ್ಕೆ ಶತ್ರು. ಜೋರಾಗಿ ಉಜ್ಜಿದ ಮೇಲೆ ಸುಮ್ಮನಿರಬೇಡಿ, ಲಿಫ್ಟಿಗೆ ಹಾಕಿಸಿ ಮೂರು ನೋಡಿಸಿ: ಕೆಳಗಿನ ತಗಡು ಒಳಕ್ಕೆ ತಗ್ಗಿದೆಯೇ, ಅಂಚಿನಲ್ಲಿ ಕೂಲಂಟಿನ ತೇವ ಇದೆಯೇ, ಬೋಲ್ಟ್ ಕಿತ್ತಿದೆಯೇ. ಬ್ಯಾಟರಿಯ ಕರೆಂಟ್ ಕಾರಿನ ಮೈಗೆ ಸೋರದಂತೆ ಕಾಯುವ ಇನ್ಸುಲೇಷನ್ ತಡೆಯನ್ನೂ ಓದಿಸಿ. ನಿಯಮದ ಕನಿಷ್ಠ ಪ್ರತಿ ವೋಲ್ಟಿಗೆ 100 ಓಮ್, ಅಂದರೆ 550 ವೋಲ್ಟಿನ ಪ್ಯಾಕಿಗೆ 55 ಕಿಲೋಓಮ್. ಆರೋಗ್ಯವಂತ ಕಾರು ಮೆಗಾಓಮ್‌ಗಳಲ್ಲಿ ತೋರಿಸುತ್ತದೆ. ಮಳೆಗಾಲದಲ್ಲಿ ಈ ಅಂಕಿ ಇಳಿಯುತ್ತಾ ಬಂದರೆ ಎಲ್ಲೋ ನೀರು ಹೊಕ್ಕಿದೆ ಎಂದೇ ಅರ್ಥ.

ಹಾಗಾದರೆ ಈ ಪಿಕಪ್ ವ್ಯರ್ಥವೇ? ಅಲ್ಲ, ಅದರ ಉಪಯೋಗ ಸಿಗ್ನಲ್ಲಿನಲ್ಲಿ ಇಲ್ಲ ಅಷ್ಟೆ. ಎರಡು ಲೇನಿನ ರಸ್ತೆಯಲ್ಲಿ ಲಾರಿ ಹಿಂದಿಕ್ಕುವುದನ್ನು ನೆನೆಯಿರಿ. 60ರಿಂದ 100ಕ್ಕೆ ಏಳು ಸೆಕೆಂಡು ತೆಗೆದುಕೊಳ್ಳುವ ಕಾರು ಅಷ್ಟರಲ್ಲಿ 156 ಮೀಟರ್ ಹೋಗಿರುತ್ತದೆ, ಎದುರಿನ ಲೇನಿನಲ್ಲಿ. ಅದನ್ನೇ ಎರಡು ಸೆಕೆಂಡಿನಲ್ಲಿ ಮುಗಿಸುವ ಕಾರಿಗೆ 44 ಮೀಟರ್. ಇದು ಜೀವ ಉಳಿಸುವ ಅಂತರ. ಆದರೆ ಇದಕ್ಕೆ 500 ಎಚ್‌ಪಿ ಬೇಕಿಲ್ಲ, ನೂರಕ್ಕೆ 6.7 ಸೆಕೆಂಡಿನ ಮಹೀಂದ್ರಾ ಬಿಇ 6, 6.3ರ ಟಾಟಾ ಹ್ಯಾರಿಯರ್ ಇವಿ ಸಾಕಷ್ಟು ಹತ್ತಿರ ಬರುತ್ತವೆ. ನಮ್ಮ ರಸ್ತೆಗೆ ಆರೇಳು ಸೆಕೆಂಡಿಗಿಂತ ಕೆಳಗೆ ಕೊಡುವ ಪ್ರತಿ ಲಕ್ಷವೂ ಶೋಕಿಯ ಲೆಕ್ಕಕ್ಕೆ. ಶೋಕಿ ತಪ್ಪಲ್ಲ, ಗೊತ್ತಿದ್ದು ಮಾಡಬೇಕು. 2024ರಲ್ಲಿ ಕರ್ನಾಟಕ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ 10 ಶೇಕಡಾ ಆಜೀವ ತೆರಿಗೆ ಹಾಕಿತು. ಅದೇ ವರ್ಷದ ಆಗಸ್ಟಿನಿಂದ 130 ಕಿ.ಮೀ. ದಾಟಿದರೆ ಎಫ್‌ಐಆರ್.

ವೇಗದ ಬೆಲೆ ಬ್ಯಾಟರಿಯಲ್ಲೂ ಕಾಣುತ್ತದೆ. ಗಾಳಿಯ ಎದುರು ಬೇಕಾಗುವ ಪವರ್ ವೇಗದ ಘನಕ್ಕೆ ಏರುತ್ತದೆ. 0.219 ಡ್ರ್ಯಾಗ್ ಅಂಕದ ಸೀಲ್‌ನಂಥ ನುಣುಪು ಕಾರೂ ಸಮತಟ್ಟಾದ ರಸ್ತೆಯಲ್ಲಿ ಪೂರ್ತಿ ಚಾರ್ಜಿಗೆ 100ರ ವೇಗದಲ್ಲಿ 530 ಕಿ.ಮೀ. ಹೋಗುವ ಲೆಕ್ಕ ಬಂದರೆ, 130ಕ್ಕೆ 410. ಆಮೇಲೆ ಹೆದ್ದಾರಿಯ 60 ಕಿಲೋವ್ಯಾಟ್ ಗನ್ನಿನಲ್ಲಿ 10ರಿಂದ 80 ಶೇಕಡಾಕ್ಕೆ ಒಂದು ಗಂಟೆ. ಮನೆಯ 7 ಕಿಲೋವ್ಯಾಟ್ ಚಾರ್ಜರಿನಲ್ಲಿ ಒಂಬತ್ತು ಗಂಟೆ. ಅದಕ್ಕೂ 6 ಚದರ ಮಿ.ಮೀ. ತಾಮ್ರದ ತಂತಿ, 40 ಆಂಪಿಯರ್ ಎಂಸಿಬಿ, ಮಂಜೂರಾದ ಲೋಡಿನ ಏರಿಕೆ ಬೇಕು. ಕರೆಂಟ್ ಸೋರಿದರೆ ತಾನೇ ಆರಿಸುವ ಆರ್‌ಸಿಸಿಬಿ ಮಾತ್ರ ಸಾಮಾನ್ಯ ಎಸಿ ಟೈಪಿನದು ಬೇಡ. ಕಾರಿನಿಂದ ಡಿಸಿ ಸೋರಿದರೆ ಅದರ ಕಣ್ಣು ಕುರುಡಾಗುತ್ತದೆ.

ಇಷ್ಟಾದ ಮೇಲೂ ಮನಸ್ಸು ಅದರಲ್ಲೇ ಇದ್ದರೆ, ಟೆಸ್ಟ್ ಡ್ರೈವಿಗೆ ಶೋರೂಮಿನವರು ತುಂಬಿಸಿ ತಣ್ಣಗೆ ನಿಲ್ಲಿಸಿಟ್ಟ ಕಾರು ಬೇಡ ಅನ್ನಿ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಬೆಳಿಗ್ಗೆಯಿಂದ ಓಡಿ 25 ಶೇಕಡಾಕ್ಕೆ ಇಳಿದದ್ದನ್ನೇ ಕೇಳಿ. ಖಾಲಿ ರಸ್ತೆಯಲ್ಲಿ 40ರಿಂದ 80ಕ್ಕೆ ಐದಾರು ಸಲ ಬೆನ್ನುಬೆನ್ನಿಗೆ ಒತ್ತಿ, ಪಕ್ಕದಲ್ಲಿ ಕೂತವರಿಂದ ಪ್ರತಿ ಸಲದ ಸಮಯ ಬರೆಸಿಕೊಳ್ಳಿ. ಮೊದಲನೆಯದಕ್ಕೂ ಕೊನೆಯದಕ್ಕೂ ಎಷ್ಟು ಅಂತರ ಬಂತು ನೋಡಿ. ವಾಪಸು ಬರುವಾಗ ಹಿಂದೆ ಮೂವರನ್ನು ಕೂರಿಸಿಕೊಂಡು ನಿಮ್ಮ ಬೀದಿಯ ಆ ದೊಡ್ಡ ಹಂಪಿನ ಮೇಲೆ ಒಮ್ಮೆ ಹತ್ತಿಸಿ ಇಳಿಸಿ, ಕಿಟಕಿ ತೆಗೆದಿಟ್ಟು, ಮ್ಯೂಸಿಕ್ ಆಫ್ ಮಾಡಿ.